ಕೆಂಬಾಲದ ಗಿಡುಗ ಮರದಿಂದ ಇಳಿಯುತ್ತಿಲ್ಲ, ತೂಕ ಸರಿಯಾಗಿಯೇ ಇದೆ. ಸಹಾಯ ಮಾಡಿ

ಮಿಶಿಗನ್_ಹೊಸಬ:
ಮೂರು ದಿನಗಳಿಂದ ಸಾಕಾಗಿ ಹೋಗಿದೆ. ಬೇಟೆಗೆಂದು ಹೊಲದಲ್ಲಿ ಬಿಟ್ಟ ಕೂಡಲೇ ನಾನು ಪಳಗಿಸಿದ ಹಕ್ಕಿ ಓಕ್ ಮರ ಹತ್ತಿ ಕುಳಿತರೆ ಮುಗಿಯಿತು. ಪೊದೆ ಬಡಿದು ಮೊಲ ಎಬ್ಬಿಸಿದೆ. ಅವಳು ಕುಳಿತ ಕೊಂಬೆಯ ಕೆಳಗೇ ಓಡಿಹೋಯಿತು. ತಲೆ ತಿರುಗಿಸಿ ನೋಡಿದಳು, ಅಷ್ಟೇ. ಲೂರ್ (ಹಕ್ಕಿಯನ್ನು ಕರೆಯಲು ದಾರಕ್ಕೆ ಕಟ್ಟಿದ ಆಮಿಷ) ಬೀಸಿದರೂ ಕದಲಲಿಲ್ಲ. ನಿನ್ನೆ ಕತ್ತಲಾಗುವ ತನಕ ಹಿಮದಲ್ಲಿ ಮರದ ಬುಡದಲ್ಲಿ ನಿಂತಿದ್ದೆ. ತಿಂಗಳ ಹಿಂದೆ ಇದೇ ಹಕ್ಕಿ ಸೀಟಿ ಊದುವ ಮೊದಲೇ ಕೈಗವಸಿಗೆ ಬಂದು ಕೂರುತ್ತಿದ್ದಳು. ತೂಕ 1080 ಗ್ರಾಂ, ಆಗಲೂ ಅಷ್ಟೇ ಇತ್ತು. ಎಲ್ಲವೂ ಮೊದಲಿನಂತೆಯೇ ಇದೆ. ಏನು ಕೆಟ್ಟಿತು?

ಬ್ರಿಸ್ಟಲ್_ಬೇಟೆ:
ತೂಕ ಹೆಚ್ಚು. ಬೇರೆ ಕಾರಣ ಹುಡುಕಬೇಡಿ. 30 ಗ್ರಾಂ ಇಳಿಸಿ ನೋಡಿ.

ಡಲ್ಲಾಸ್_ಗಿಡುಗ:
ನನ್ನ ಮಾತೂ ಅದೇ. ಹೊಟ್ಟೆ ತುಂಬಿದ ಹಕ್ಕಿಗೆ ಮೊಲ ಏಕೆ ಬೇಕು? ನನ್ನ ಮೊದಲ ಹಕ್ಕಿಯೂ ಹೀಗೆಯೇ ಮಾಡಿತ್ತು. 40 ಇಳಿಸಿದೆ, ಮರುದಿನವೇ ಅಳಿಲು ಹಿಡಿಯಿತು.

ಮಿನೆಸೋಟ_ಅಕ್ಕ:
ತಡೆಯಿರಿ. ಹಿಡಿದ ದಿನ ತೂಕ ಎಷ್ಟಿತ್ತು? ಅಲ್ಲಿ ಚಳಿ ಎಷ್ಟು? ಏನು ತಿನ್ನಿಸುತ್ತಿದ್ದೀರಿ? ಇಷ್ಟೂ ತಿಳಿಯದೆ ಗ್ರಾಂ ಇಳಿಸಿ ಎನ್ನುವುದು ತಪ್ಪು. ನಿಮಗೆ ಕಲಿಸುವ ಸ್ಪಾನ್ಸರ್ ಏನು ಹೇಳುತ್ತಾರೆ?

ಮಿಶಿಗನ್_ಹೊಸಬ:
ಸ್ಪಾನ್ಸರ್ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿದ್ದಾರೆ, ಈಗ ತೊಂದರೆ ಕೊಡಲು ಮನಸ್ಸಿಲ್ಲ. ಅಕ್ಟೋಬರ್‌ನಲ್ಲಿ ಬಾಲ್ ಚತ್ರಿ ಬಲೆಯಲ್ಲಿ ಹಿಡಿದಾಗ ಅವರ ತಕ್ಕಡಿಯಲ್ಲಿ 1240 ಇದ್ದಳು. ಈ ವರ್ಷದ ಮರಿ, ಬಾಲ ಇನ್ನೂ ಕಂದು. ದಿನಕ್ಕೆ 60 ಗ್ರಾಂ ಮೊಲದ ಮಾಂಸ, ಕಸುವು ತಗ್ಗಲೆಂದು ನೀರಿನಲ್ಲಿ ತೊಳೆದದ್ದು. ಬ್ರಿಸ್ಟಲ್ ಸರ್ ಹೇಳಿದಂತೆ ನಿನ್ನೆಯಿಂದ ಇನ್ನೂ ಕಡಿಮೆ ಮಾಡಿದ್ದೇನೆ, ಇಂದು ಬೆಳಿಗ್ಗೆ 1061.

ಬ್ರಿಸ್ಟಲ್_ಬೇಟೆ:
ಸರಿಯಾದ ದಾರಿಯಲ್ಲಿದ್ದೀರಿ. 1040ಕ್ಕೆ ಇಳಿಸಿ ಬಿಟ್ಟು ನೋಡಿ. ಅಂದ ಹಾಗೆ, ಮೊದಲ ವರ್ಷಕ್ಕೆ ಹ್ಯಾರಿಸ್ ಗಿಡುಗವನ್ನೇ ತೆಗೆದುಕೊಂಡಿದ್ದರೆ ಈ ಪಾಡು ಇರುತ್ತಿರಲಿಲ್ಲ. ನನ್ನ ಬಳಿ ಎರಡಿವೆ, ನಾಯಿಯ ಹಿಂದೆ ಮರದಿಂದ ಮರಕ್ಕೆ ಜೊತೆಯಾಗಿ ಬರುತ್ತವೆ. ಮೊಲ ಎಬ್ಬಿಸಲು ಬಿಡುವ ಫೆರೆಟ್ (ಮುಂಗುಸಿಯಂತಹ ಸಾಕುಪ್ರಾಣಿ) ಬಿಲಕ್ಕೆ ಇಳಿದರೆ ಸಾಕು, ಎರಡೂ ಬಿಲದ ಬಾಯಿಯನ್ನೇ ನೋಡುತ್ತಾ ಕೂರುತ್ತವೆ.

ಮಿನೆಸೋಟ_ಅಕ್ಕ:
ಹ್ಯಾರಿಸ್ ಮರುಭೂಮಿಯ ಕಡೆಯ ಹಕ್ಕಿ. ಮಿಶಿಗನ್ನಿನ ಜನವರಿಯಲ್ಲಿ ಅದನ್ನು ಹೊರಗಿಟ್ಟರೆ ರೆಕ್ಕೆಯ ತುದಿ ಊದಿಕೊಂಡು ಕೊಳೆಯಬಹುದು. ಇಂಗ್ಲೆಂಡಿನ ಚಳಿಯ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ದುಬೈ_ಕರಾವಳಿ:
ಇಲ್ಲಿ ನನಗೆ ಪರಿಚಯದವರೊಬ್ಬರ ಬಳಿ ಗೈರ್ ಮತ್ತು ಪೆರೆಗ್ರಿನ್ ಫಾಲ್ಕನ್‌ಗಳ ಮಿಶ್ರತಳಿಯ ಹಕ್ಕಿ ಇದೆ. ಬೆನ್ನಿನ ಮೇಲೆ ಜಿಪಿಎಸ್, ಮೊಬೈಲಿನಲ್ಲೇ ಎಲ್ಲಿದೆ ಎಂದು ಕಾಣುತ್ತದೆ. ಅಬುಧಾಬಿಯಲ್ಲಿ 1999ರಿಂದ ಇವುಗಳಿಗೆಂದೇ ಆಸ್ಪತ್ರೆ ಇದೆ, ಪ್ರಯಾಣಕ್ಕೆ ಪಾಸ್‌ಪೋರ್ಟ್ ಸಹ ಇದೆ. ಆದರೆ ನಿಮ್ಮದು ಗಿಡುಗವೋ (ಹಾಕ್) ಡೇಗೆಯೋ (ಫಾಲ್ಕನ್)?

ಮೈಸೂರು_ಓದುಗ:
ಬೇಟೆಗೆ ಪಳಗಿಸಿದ ಹಕ್ಕಿಗೆ ನಮ್ಮಲ್ಲಿ ‘ಸಾಳುವ’ ಎನ್ನುವ ಹೆಸರೇ ಇದೆ. ವಿಜಯನಗರದ ಸಾಳುವ ನರಸಿಂಹನ ಮನೆತನದ ಹೆಸರೂ ಅದೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದವೆಂಬ, ಗಿಡುಗದ ಬೇಟೆಯ ಭಾಗವೇ ಇದೆ, ಅದು ಹನ್ನೆರಡನೆಯ ಶತಮಾನದ್ದು. ನಾವೂ ಇಲ್ಲಿ ಒಂದನ್ನು ಸಾಕಬಹುದೇ?

ಡಲ್ಲಾಸ್_ಗಿಡುಗ:
ಖಂಡಿತ ಸಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಅದು ಅಪರಾಧ. ಇಲ್ಲಿ ನಮಗೂ ಪರೀಕ್ಷೆ, ಹಕ್ಕಿಮನೆಯ ತಪಾಸಣೆ, ಎರಡು ವರ್ಷದ ಶಿಷ್ಯಾವಧಿ ಎಲ್ಲವೂ ಇವೆ. ಮತ್ತೆ, ಕೆಂಬಾಲವನ್ನು ಸಾಳುವ ಎಂದು ಕರೆಯುವುದು ಸರಿಯಲ್ಲ, ಅದು ಕನ್ನಡ ನಾಡಿನ ಹಕ್ಕಿಯೇ ಅಲ್ಲ.

ಮೈಸೂರು_ಓದುಗ:
ಬೇಟೆಗೆ ಪಳಗಿದ ಹಕ್ಕಿ ಎಂಬ ಅರ್ಥದಲ್ಲಿ ಹೇಳಿದೆ, ತಳಿಯ ಹೆಸರಾಗಿ ಅಲ್ಲ.

ಮಿಶಿಗನ್_ಹೊಸಬ:
ದಯವಿಟ್ಟು ಹೆಸರಿನ ಚರ್ಚೆ ಬೇರೆಡೆ ಮಾಡಿ. ಇಂದು ಹೊಲಕ್ಕೆ ಒಯ್ಯಲೇ ಇಲ್ಲ. ಕೈಗವಸಿನ ಮೇಲೆ ಗರಿ ಉಬ್ಬಿಸಿಕೊಂಡು ಕಣ್ಣು ಅರೆ ಮುಚ್ಚಿ ಕುಳಿತಿದ್ದಾಳೆ. ನನಗೆ ಭಯವಾಗುತ್ತಿದೆ.

ಮಿನೆಸೋಟ_ಅಕ್ಕ:
ಈಗಲೇ ಹೀಗೆ ಮಾಡಿ. ಅವಳನ್ನು ಎಡಗೈಯ ಮೇಲೆ ಇರಿಸಿಕೊಂಡು ಬಲಗೈಯ ಹೆಬ್ಬೆರಳು, ತೋರುಬೆರಳನ್ನು ಎದೆಮೂಳೆಯ ಎರಡು ಬದಿಗೆ ಇಟ್ಟು ಮೆಲ್ಲಗೆ ಕೆಳಕ್ಕೆ ಜಾರಿಸಿ. ಮಾಂಸ ದುಂಡಗೆ ಬಂದು ಮೂಳೆಯ ಅಂಚಿಗೆ ಸೇರುತ್ತಿದೆಯೋ, ಮೂಳೆ ಚಾಕುವಿನ ಬಾಯಿಯಂತೆ ಬೆರಳಿಗೆ ತಗಲುತ್ತಿದೆಯೋ? ಹಿಕ್ಕೆ ನೋಡಿ. ಸುಣ್ಣದಂತಹ ಬಿಳಿಯ ನಡುವೆ ಕಪ್ಪು ಇದೆಯೋ, ಹಸಿರೋ? ತಕ್ಕಡಿ ಎಲ್ಲಿಟ್ಟಿದ್ದೀರಿ?

ಮಿಶಿಗನ್_ಹೊಸಬ:
ಮೂಳೆ ಚೂಪಾಗಿದೆ. ಎರಡೂ ಬದಿ ಹಳ್ಳ. ಹಿಕ್ಕೆ ಹಸಿರು. ತಕ್ಕಡಿ ಗ್ಯಾರೇಜಿನಲ್ಲಿದೆ. ಅಡುಗೆಮನೆಯ ಗೋಡೆಗೆಲ್ಲ ಹಿಕ್ಕೆ ಹಾರಿಸುತ್ತಿದ್ದಳೆಂದು ಹತ್ತು ದಿನದ ಹಿಂದೆ ಅಲ್ಲಿಗೆ ಸಾಗಿಸಿದೆ. ರಾತ್ರಿ ಸೊನ್ನೆಗಿಂತ 14 ಡಿಗ್ರಿ ಕೆಳಗೆ ಇಳಿಯುತ್ತಿದೆ. ಇದೂ ಮುಖ್ಯವೆಂದು ಗೊತ್ತಿರಲಿಲ್ಲ.

ಮಿನೆಸೋಟ_ಅಕ್ಕ:
ಇದೇ ಮುಖ್ಯ. ಚಳಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ತಪ್ಪು ತೋರಿಸಬಹುದು. ಅಮೆರಿಕದ ಐದು ಸೆಂಟಿನ ನಿಕ್ಕಲ್ ನಾಣ್ಯ ತಲಾ ಸರಿಯಾಗಿ 5 ಗ್ರಾಂ. ಬ್ಯಾಂಕಿನ ಸುರುಳಿಯ ಕಾಗದ ಬಿಚ್ಚಿ ನಲವತ್ತು ನಾಣ್ಯ ತೂಗಿ. ಅದಕ್ಕೂ ಮೊದಲು ಹಕ್ಕಿಯನ್ನು ಬೆಚ್ಚಗಿನ ಕೋಣೆಗೆ ತನ್ನಿ. ಗರಿ, ಚರ್ಮ, ಮೂಳೆ ಇಲ್ಲದ ಲಾವಕ್ಕಿ ಎದೆಮಾಂಸವನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ 15 ಗ್ರಾಂನಷ್ಟು ಕೊಡಿ. ಗಂಟಲ ಚೀಲ ಖಾಲಿಯಾದ ಮೇಲೆ ಮತ್ತೆ ಅಷ್ಟೇ. ಒಮ್ಮೆಲೇ ಹೊಟ್ಟೆ ತುಂಬಿಸಬೇಡಿ, ಬಡಕಲಾದ ಹಕ್ಕಿಗೆ ಅದು ಜೀರ್ಣವಾಗದೆ ಗಂಟಲ ಚೀಲದಲ್ಲೇ ಹುಳಿಯುತ್ತದೆ. ಬೆಳಗಾದ ಕೂಡಲೇ ಹಕ್ಕಿ ನೋಡುವ ಪಶುವೈದ್ಯರ ಬಳಿ ಹೋಗಿ. ಸ್ಪಾನ್ಸರ್‌ಗೆ ಇಂದೇ ಫೋನ್ ಮಾಡಿ. ಆಸ್ಪತ್ರೆಯಲ್ಲಿದ್ದರೂ ಅವರು ಬೇಸರಪಡುವುದಿಲ್ಲ.

ಮಿಶಿಗನ್_ಹೊಸಬ:
ನಲವತ್ತು ನಾಣ್ಯ, 200 ಬರಬೇಕು. 211 ತೋರಿಸಿತು. ತಕ್ಕಡಿಯನ್ನು ಅಡುಗೆಮನೆಗೆ ತಂದು ಒಂದು ಗಂಟೆ ಬಿಟ್ಟು ಅವೇ ನಾಣ್ಯಗಳನ್ನು ತೂಗಿದೆ, 200. ಅಂದರೆ ಬೆಳಗಿನ 1061 ನಿಜವಾಗಿ 1006. ಹಿಡಿದ ದಿನದಿಂದ 234 ಗ್ರಾಂ ಹೋಗಿದೆ. ಕೈ ನಡುಗುತ್ತಿದೆ. ಈಗ ಮೊದಲ ತುಣುಕುಗಳನ್ನು ತಿಂದಳು.

ಡಲ್ಲಾಸ್_ಗಿಡುಗ:
ಇಳಿಸಿ ಎಂದವನು ನಾನೂ ಹೌದು. ಕ್ಷಮಿಸಿ. ನನ್ನ ತಕ್ಕಡಿಯನ್ನೂ ಇಂದು ನಾಣ್ಯ ಇಟ್ಟು ನೋಡುತ್ತೇನೆ.

ಬ್ರಿಸ್ಟಲ್_ಬೇಟೆ:
ನನ್ನ ಮಾತಿನಿಂದ ಹಕ್ಕಿಗೆ ಕಷ್ಟವಾಯಿತು, ನನಗೂ ನೋವಾಗಿದೆ. ಆದರೆ ಇದಕ್ಕೇ ಎಲೆಕ್ಟ್ರಾನಿಕ್ ತಕ್ಕಡಿ ನಂಬಬಾರದು ಎನ್ನುವುದು. ಕಲ್ಲಿಟ್ಟು ತೂಗುವ ಹಳೆಯ ತಕ್ಕಡಿಗೆ ಚಳಿಯೂ ಇಲ್ಲ, ಬ್ಯಾಟರಿಯೂ ಇಲ್ಲ.

ದುಬೈ_ಕರಾವಳಿ:
ಒಳ್ಳೆಯ ಎಲೆಕ್ಟ್ರಾನಿಕ್ ತಕ್ಕಡಿಗೆ ಏನೂ ಆಗುವುದಿಲ್ಲ. ಇಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ.

ಮಿನೆಸೋಟ_ಅಕ್ಕ:
ದುಬೈಯಲ್ಲಿ ಹಿಮ ಬೀಳುವುದಿಲ್ಲ ಸ್ವಾಮಿ. ಯಾವ ತಕ್ಕಡಿಯಾದರೂ ಇರಲಿ, ಬೆರಳು ದಿನವೂ ಎದೆಮೂಳೆಯ ಮೇಲೆ ಹೋಗಲಿ.

ಮಿಶಿಗನ್_ಹೊಸಬ:
ಒಂಬತ್ತನೆಯ ದಿನ. ವೈದ್ಯರು ಹುಳು, ಶಿಲೀಂಧ್ರದ ಪರೀಕ್ಷೆ ಮಾಡಿದರು, ಎರಡೂ ಇಲ್ಲ. ಇಂದು 1118, ಅಡುಗೆಮನೆಯಲ್ಲೇ ತೂಗಿದ್ದು, ಮೊದಲು ನಾಣ್ಯ ಇಟ್ಟು ನೋಡಿದೆ. ನಿನ್ನೆ ಬೆಳಿಗ್ಗೆ ಜೀರ್ಣವಾಗದ ಗರಿಯ ಉಂಡೆ ಉಗುಳಿದಳು, ಗಟ್ಟಿಯಾಗಿತ್ತು, ವಾಸನೆ ಇರಲಿಲ್ಲ. ಹಿತ್ತಲಲ್ಲಿ ಉದ್ದ ದಾರ ಕಟ್ಟಿ ಕರೆದೆ. ಮೂರು ಸಲವೂ ಬಂದಳು, ಮೂರನೆಯ ಸಲ ಕಾಲುಗಳನ್ನು ಮುಂದೆ ಚಾಚಿ ಕೈಗವಸಿಗೆ ಬಡಿದ ರಭಸಕ್ಕೆ ನನ್ನ ಮೊಣಕೈ ಹಿಂದೆ ಹೋಯಿತು. ದಾರ ಬಿಚ್ಚಲು ಇನ್ನೂ ಧೈರ್ಯವಿಲ್ಲ. ಅಕ್ಕ, ಬೇಟೆಗೆ ಯಾವ ತೂಕದಲ್ಲಿ ಬಿಡಲಿ?

ಮಿನೆಸೋಟ_ಅಕ್ಕ:
ಈ ಚಳಿ ಇರುವ ತನಕ 1100ಕ್ಕಿಂತ ಕೆಳಗೆ ಬೇಡ. ತೊಳೆದ ಮಾಂಸ ಬೇಡವೇ ಬೇಡ. ಸ್ಪಾನ್ಸರ್ ಮನೆಗೆ ಬಂದ ಮೇಲೆ ಅವರೆದುರಿಗೆ ದಾರ ಬಿಚ್ಚಿ.

ಓಹಾಯೋ_ಅಳಿಲು:
ನನ್ನ ಹಕ್ಕಿಯೂ ಮರದಿಂದ ಇಳಿಯುತ್ತಿಲ್ಲ. ತೂಕ 960. ಏನು ಮಾಡಲಿ?

ಮಿನೆಸೋಟ_ಅಕ್ಕ:
ಗಂಡೋ ಹೆಣ್ಣೋ? ಹಿಡಿದ ದಿನ ಎಷ್ಟಿತ್ತು? ತಕ್ಕಡಿ ಎಲ್ಲಿದೆ?