ಉಡುಪಿಯ ಹಪ್ಪಳ, ಪುನರ್ಪುಳಿ ಅಂಗಡಿ ಗೂಗಲ್‌ನಲ್ಲಿ ಕಾಣಬೇಕಾದರೆ ಏನು ಮಾಡಬೇಕು?

ಪ್ರಶ್ನೆ, ಉಡುಪಿಯಿಂದ:
ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ (ಕೋಕಂ) ಸಿರಪ್ ಮಾರುವ ಸಣ್ಣ ಆನ್‌ಲೈನ್ ಅಂಗಡಿ ನಮ್ಮದು. ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ), ಅದರ ಅಂಗಡಿ ಭಾಗವಾದ ವೂಕಾಮರ್ಸ್‌ನಲ್ಲಿ ಮಾಡಿಸಿದ್ದು, ಒಟ್ಟು 22 ಐಟಂ. ಗುರುತಿನವರು ವಾಟ್ಸಾಪ್‌ನಲ್ಲಿ ಆರ್ಡರ್ ಕೊಡ್ತಾರೆ, ಗೂಗಲ್‌ನಿಂದ ಮಾತ್ರ ಯಾರೂ ಬರುವುದಿಲ್ಲ. ಅಂಗಡಿಯ ಹೆಸರು ಹಾಕಿ ಹುಡುಕಿದರೂ ಸಿಗುವುದಿಲ್ಲ. "ತಿಂಗಳಿಗೆ ಇಷ್ಟು ಕೊಡಿ, ಮೊದಲ ಸ್ಥಾನ ಗ್ಯಾರಂಟಿ" ಅಂತ ಫೋನ್ ಬರ್ತಾ ಉಂಟು. ಕೊಡಬಹುದಾ?

ಉತ್ತರ, ಮಂಗಳೂರಿನಿಂದ:
ಕೊಡಬೇಡಿ ಅಕ್ಕ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಕೊಡಲಿಕ್ಕೆ ಆಗುವುದಿಲ್ಲ ಅಂತ ಗೂಗಲ್ಲೇ ಹೇಳುತ್ತದೆ.

ಅಂಗಡಿಯ ಹೆಸರಿಗೇ ಸಿಗುವುದಿಲ್ಲ ಅಂದರೆ ಸೈಟ್ ಇಂಡೆಕ್ಸೇ ಆಗಿರಲಿಕ್ಕಿಲ್ಲ, ಅಂದರೆ ಗೂಗಲ್‌ನ ಹುಡುಕಾಟದ ಪಟ್ಟಿಗೆ ಸೇರಿರಲಿಕ್ಕಿಲ್ಲ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ತೆರೆಯಿರಿ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳಬಾರದು ಅಂತ ಹೇಳುವ ಒಂದು ಟಿಕ್ ಅಲ್ಲಿ ಉಂಟು. ಸೈಟ್ ಕಟ್ಟುವಾಗ ಅದನ್ನು ಹಾಕುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ತೆಗೆದು ಸೇವ್ ಮಾಡಿ.

ಆಮೇಲೆ ಸರ್ಚ್ ಕನ್ಸೋಲ್, ಅಂದರೆ ನಿಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತದೆ ಅಂತ ತೋರಿಸುವ ಗೂಗಲ್‌ನ ಸಾಧನ. ಇದು ಉಚಿತ. ಡೊಮೇನ್ ಎಲ್ಲಿ ಖರೀದಿಸಿದ್ದೋ ಅಲ್ಲಿನ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ಸೆಟ್ಟಿಂಗ್ ಪುಟ) ಗೂಗಲ್ ಕೊಡುವ ಟಿಎಕ್ಸ್‌ಟಿ ಎಂಬ ಸಾಲನ್ನು ಸೇರಿಸಿದರೆ ಸೈಟ್ ನಿಮ್ಮದೇ ಅಂತ ಖಾತ್ರಿ ಆಗುತ್ತದೆ. ಖಾತೆ ನಿಮ್ಮ ಇಮೇಲ್‌ನಲ್ಲೇ ಇರಲಿ, ಸೈಟ್ ಮಾಡಿಕೊಟ್ಟವರ ಇಮೇಲ್‌ನಲ್ಲಿ ಬೇಡ. ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ಪಟ್ಟಿ) ವಿಳಾಸವನ್ನು ಅಲ್ಲಿ ಒಮ್ಮೆ ಸಲ್ಲಿಸಿ, ವರ್ಡ್‌ಪ್ರೆಸ್ 5.5ರಿಂದ ಈಚೆಗೆ ಅದು ತಾನಾಗಿಯೇ ತಯಾರಾಗುತ್ತದೆ. ಬಳಿಕ ಮುಖಪುಟ ಮತ್ತು ಹೆಚ್ಚು ಹೋಗುವ ನಾಲ್ಕೈದು ಐಟಂಗಳ ಪುಟಗಳ ವಿಳಾಸವನ್ನು ಅಲ್ಲೇ ಇರುವ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿ ಇಂಡೆಕ್ಸ್ ಮಾಡಲು ಕೇಳಿ. ಒಂದು ಪುಟಕ್ಕೆ ಒಂದು ಸಲ ಸಾಕು, ದಿನಾ ಒತ್ತಿದರೆ ಬೇಗ ಆಗುವುದಿಲ್ಲ. ಕೆಲವು ದಿನಗಳಿಂದ ಕೆಲವು ವಾರ ಹಿಡಿಯಬಹುದು.

ಉತ್ತರ, ಕುಂದಾಪುರದಿಂದ:
ಮೇಲಿನವರು ಹೇಳಿದ್ದು ಬಾಗಿಲು ತೆರೆಯುವ ಕೆಲಸ. ಅಷ್ಟರಿಂದ ಗಿರಾಕಿ ಬರುವುದಿಲ್ಲ.

"ಪಿಕಲ್ ಆನ್‌ಲೈನ್" ಅಂತ ಹುಡುಕುವವರ ಹಿಂದೆ ಹೋಗಬೇಡಿ, ಅಲ್ಲಿ ದೊಡ್ಡ ಮಾರುಕಟ್ಟೆ ಸೈಟ್‌ಗಳೇ ತುಂಬಿವೆ. "ಸಕ್ಕರೆ ಹಾಕದ ಪುನರ್ಪುಳಿ ಸಿರಪ್", "ಮುಂಬೈಗೆ ಹಲಸಿನ ಹಪ್ಪಳ ಕಳಿಸ್ತೀರಾ" ಅಂತ ಹುಡುಕುವವರು ಕಡಿಮೆ, ಆದರೆ ಅವರು ಕೊಳ್ಳಲಿಕ್ಕೇ ಬಂದವರು. ಇಂಥ ಪ್ರಶ್ನೆಗಳು ಈಗಾಗಲೇ ನಿಮ್ಮ ವಾಟ್ಸಾಪ್‌ನಲ್ಲಿ ಉಂಟು. ಗಿರಾಕಿಗಳು ಯಾವ ಮಾತಿನಲ್ಲಿ ಕೇಳಿದ್ದಾರೋ ಅದೇ ಮಾತುಗಳನ್ನು ತೆಗೆದು ಬರೆದಿಟ್ಟುಕೊಳ್ಳಿ. ನಿಮ್ಮ ಪುಟಗಳಲ್ಲಿ ಇರಬೇಕಾದದ್ದು ಅವುಗಳ ಉತ್ತರ.

ಹಪ್ಪಳದ ಪುಟಕ್ಕೆ "ರುಚಿಕರ, ಮನೆಯಲ್ಲೇ ಮಾಡಿದ್ದು" ಅಂತ ಎರಡು ಸಾಲು ಸಾಲದು. ಬಕ್ಕೆ (ಗಟ್ಟಿ ತೊಳೆಯ) ಹಲಸಿನದ್ದಾ ಅಲ್ಲವಾ, ಖಾರ ಹಾಕಿದ್ದಾ ಬರೀ ಉಪ್ಪಾ, ಒಂದು ಕಟ್ಟಿನಲ್ಲಿ ಎಷ್ಟು ಹಪ್ಪಳ, ಅಗಲ ಎಷ್ಟು, ಎಷ್ಟು ತಿಂಗಳು ಇಡಬಹುದು, ಮಳೆಗಾಲದಲ್ಲಿ ಮೆತ್ತಗಾಗದಂತೆ ಹೇಗೆ ಇಡಬೇಕು, ಎಲ್ಲ ಬರೆಯಿರಿ. ಸಿರಪ್‌ಗಾದರೆ ಒಂದು ಪಾಲಿಗೆ ಎಷ್ಟು ಪಾಲು ನೀರು, ಬಾಟಲಿ ಗಾಜಿನದ್ದಾ, ಪ್ರಿಸರ್ವೇಟಿವ್ ಉಂಟಾ. ಇಲ್ಲಿಯವರು ಪುನರ್ಪುಳಿ ಅಂದರೆ ಮಲೆನಾಡಿನವರು ಮುರುಗಲು ಅನ್ನುತ್ತಾರೆ, ಹೊರಗಿನವರು ಕೋಕಂ ಅಂತಲೇ ಹುಡುಕುವುದು. ಮೂರೂ ವಿವರಣೆಯ ವಾಕ್ಯಗಳಲ್ಲಿ ಸಹಜವಾಗಿ ಒಂದೊಂದು ಸಲ ಬಂದರೆ ಸಾಕು. ಕೊನೆಗೆ ಮೂವತ್ತು ಕೀವರ್ಡ್ (ಹುಡುಕುವ ಪದ) ಪೋಣಿಸುವುದು ಬೇಡ. ಇಂಥ ಪದಗಳನ್ನು ಪುಟದ ಕೋಡ್‌ನಲ್ಲಿ ತುಂಬಿಸುವ ಮೆಟಾ ಕೀವರ್ಡ್ಸ್ ಟ್ಯಾಗನ್ನು ತಾನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಪುಟದ ಶೀರ್ಷಿಕೆಯಲ್ಲಿ ವಸ್ತು ಮೊದಲು, ಅಂಗಡಿಯ ಹೆಸರು ಕೊನೆಗೆ: "ಪುನರ್ಪುಳಿ (ಕೋಕಂ) ಸಿರಪ್, ಸಕ್ಕರೆ ರಹಿತ, 500 ಮಿ.ಲೀ." ಈ ರೀತಿ. ಸುಮಾರು 60 ಅಕ್ಷರ ದಾಟಿದರೆ ಫಲಿತಾಂಶದಲ್ಲಿ ಬಾಲ ಕತ್ತರಿಸಿ ಹೋಗಬಹುದು. ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ಕನ್ನಡದಲ್ಲಿಟ್ಟರೆ ತಪ್ಪೇನಿಲ್ಲ, ಆದರೆ ವಾಟ್ಸಾಪ್‌ಗೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಉದ್ದ ಸಾಲಾಗಿ, ಜನ ಅದನ್ನು ಒತ್ತಲು ಹೆದರುತ್ತಾರೆ.

250 ಗ್ರಾಂ, 500 ಗ್ರಾಂ, 1 ಕೆ.ಜಿ.ಗೆ ಬೇರೆ ಬೇರೆ ಪುಟ ಇದ್ದರೆ ಒಂದೇ ಮಾಡಿ, ತೂಕವನ್ನು ವೇರಿಯೇಷನ್ ಆಗಿ (ಅದೇ ಪುಟದಲ್ಲಿ ಆರಿಸುವ ಆಯ್ಕೆಯಾಗಿ) ಕೊಡಿ. ಒಂದೇ ಬರಹದ ಮೂರು ಪುಟ ಇದ್ದರೆ ಗೂಗಲ್ ಅದರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುತ್ತದೆ, ಅದು ನಿಮಗೆ ಬೇಕಾದದ್ದೇ ಆಗಬೇಕೆಂದಿಲ್ಲ. ದೊಡ್ಡ ಮಾರುಕಟ್ಟೆ ಸೈಟ್‌ನಲ್ಲಿ ಹಾಕಿದ ವಿವರಣೆಯನ್ನೇ ಇಲ್ಲಿ ಅಂಟಿಸಿದರೂ ಅದೇ ಕಥೆ.

ಉತ್ತರ, ಮೂಡುಬಿದಿರೆಯಿಂದ:
ಫೋಟೋ ನೋಡಿ ಮಾರಾಯ್ರೆ. ಫೋನಿನಲ್ಲಿ ತೆಗೆದ 4-5 ಎಂಬಿ ಚಿತ್ರವನ್ನು ಹಾಗೆಯೇ ಏರಿಸಿದರೆ ಘಟ್ಟದ ನೆಟ್‌ವರ್ಕ್‌ನಲ್ಲಿ ಪುಟ ತೆರೆಯುವುದೇ ಇಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ (ಹಗುರ ಚಿತ್ರದ ಮಾದರಿ) ಮಾಡಿ, 150 ಕೆಬಿ ಒಳಗೆ ತನ್ನಿ. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಭಾಗವನ್ನೇ ನೋಡಿ: ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು. ಮುಖಪುಟದಲ್ಲಿ ಚಿತ್ರಗಳು ಜಾರುತ್ತಾ ಹೋಗುವ ಸ್ಲೈಡರ್ ತೆಗೆದರೆ ಅರ್ಧ ತೊಂದರೆ ಹೋಗುತ್ತದೆ. ಬೆಲೆ, ತೂಕವನ್ನು ಪೋಸ್ಟರ್ ಚಿತ್ರದೊಳಗೆ ಬರೆಯಬೇಡಿ, ಪುಟದಲ್ಲಿ ಅಕ್ಷರವಾಗಿಯೇ ಇರಲಿ.

ಉತ್ತರ, ಸುರತ್ಕಲ್‌ನಿಂದ:
ಅಂಗಡಿಯವರು ತಮ್ಮ ವಸ್ತುಗಳ ಪಟ್ಟಿ ಕೊಡುವ ಗೂಗಲ್ ಮರ್ಚೆಂಟ್ ಸೆಂಟರ್‌ನಲ್ಲಿ ಐಟಂಗಳನ್ನು ಸೇರಿಸಿ, ಜಾಹೀರಾತಿಗೆ ದುಡ್ಡು ಹಾಕದೆಯೂ ಶಾಪಿಂಗ್ ಫಲಿತಾಂಶದಲ್ಲಿ ಬರುವ ಅವಕಾಶ ಉಂಟು. ತಿರಸ್ಕಾರ ಆಗುವುದು ಹೆಚ್ಚಾಗಿ ಈ ಕಾರಣಗಳಿಗೆ: ಫೀಡ್‌ನಲ್ಲಿ (ಅಲ್ಲಿಗೆ ಕೊಟ್ಟ ಪಟ್ಟಿಯಲ್ಲಿ) 180, ಪುಟದಲ್ಲಿ 195 ರೂಪಾಯಿ, ಚಿತ್ರದ ಮೇಲೆ "ಆಫರ್" ಅಂತ ಬರಹ ಅಥವಾ ವಾಟರ್‌ಮಾರ್ಕ್, ವಾಪಸಾತಿ ನಿಯಮ, ಸಾಗಾಟದ ವಿವರ, ಫೋನ್ ನಂಬರ್ ಸೈಟ್‌ನಲ್ಲಿ ಇಲ್ಲದಿರುವುದು. ಮನೆಯ ತಯಾರಿಗೆ ಬಾರ್‌ಕೋಡ್ ಇಲ್ಲದಿದ್ದರೆ ಯಾವುದೋ ನಂಬರ್ ತುಂಬಿಸಬೇಡಿ, ಐಡೆಂಟಿಫೈಯರ್ (ವಸ್ತುವಿನ ಗುರುತಿನ ನಂಬರ್) ಇಲ್ಲ ಅಂತಲೇ ಕೊಡಿ. ತಿಂಡಿ ಸಾಮಾನು ಆದ್ದರಿಂದ ಆಹಾರ ಸುರಕ್ಷತೆಯ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಸೈಟ್‌ನಲ್ಲಿ ಕಾಣಲಿ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಕಾಣಿಸುವ ಬ್ಯುಸಿನೆಸ್ ಪ್ರೊಫೈಲ್ ಬೇರೆ ವಿಷಯ. ಬರೀ ಆನ್‌ಲೈನ್ ಅಂಗಡಿಗೆ ಅದು ಸಿಗುವುದಿಲ್ಲ. ಜನ ನಿಗದಿತ ಸಮಯದಲ್ಲಿ ಮನೆಗೆ ಬಂದು ಕೊಂಡೊಯ್ಯುವುದಾದರೆ ಮಾಡಬಹುದು. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರು ಮಾತ್ರ. "ಬೆಸ್ಟ್ ಹಪ್ಪಳ ಉಡುಪಿ ಮಣಿಪಾಲ" ಅಂತ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು. ರಿವ್ಯೂ ಕೇಳಿ, ಆದರೆ ಅದಕ್ಕೆ ಪ್ರತಿಯಾಗಿ ರಿಯಾಯಿತಿ ಕೊಡಬೇಡಿ, ಅದು ನಿಯಮಕ್ಕೆ ವಿರುದ್ಧ.

ಮತ್ತೆ ಪ್ರಶ್ನೆ, ಉಡುಪಿಯಿಂದ:
ಟಿಕ್ ಹಾಕಿಯೇ ಇತ್ತು, ತೆಗೆದಾಯ್ತು. ಇನ್ನೊಂದು: ಮಳೆಗಾಲ ಕಳೆಯುವಾಗ ಹಲಸಿನ ಹಪ್ಪಳ ಮುಗಿಯುತ್ತದೆ. ಆಗ ಪುಟ ಡಿಲೀಟ್ ಮಾಡಬೇಕಾ? ಮುಂಬೈ, ಬೆಂಗಳೂರು, ಪುಣೆಗೆ ಒಂದೊಂದು ಪುಟ ಮಾಡಲು ಸಲಹೆ ಬಂದಿದೆ, ಮಾಡಬಹುದಾ?

ಉತ್ತರ, ಕುಂದಾಪುರದಿಂದ:
ಡಿಲೀಟ್ ಬೇಡವೇ ಬೇಡ. ಒಂದು ವರ್ಷದಲ್ಲಿ ಆ ವಿಳಾಸ ಗಳಿಸಿದ್ದೆಲ್ಲ ಹೋಗಿ, ಮುಂದಿನ ಬೇಸಗೆಗೆ ಸೊನ್ನೆಯಿಂದ ಶುರು ಆಗುತ್ತದೆ. ಸ್ಟಾಕ್ ಇಲ್ಲ ಅಂತ ಮಾಡಿ, "ಹೊಸ ಹಪ್ಪಳ ಏಪ್ರಿಲ್‌ನಲ್ಲಿ" ಅಂತ ಒಂದು ಸಾಲು ಹಾಕಿ, ಕೆಳಗೆ ಈಗ ಸಿಗುವ ಉದ್ದಿನ ಹಪ್ಪಳದ ಕೊಂಡಿ ಕೊಡಿ. ಒಂದು ಐಟಂ ಶಾಶ್ವತವಾಗಿ ನಿಲ್ಲಿಸಿದರೆ ಮಾತ್ರ ಅದರ ವಿಳಾಸವನ್ನು ಅದನ್ನು ಹೋಲುವ ಐಟಂಗೆ 301 ರೀಡೈರೆಕ್ಟ್ ಮಾಡಿ, ಅಂದರೆ ಹಳೆ ವಿಳಾಸ ಒತ್ತಿದವರು ಶಾಶ್ವತವಾಗಿ ಹೊಸದಕ್ಕೆ ಹೋಗುವಂತೆ ಮಾಡಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದರಿಂದ ಉಪಯೋಗ ಇಲ್ಲ. ಪುನರ್ಪುಳಿಯನ್ನು ಜನ ಹುಡುಕುವುದು ಸೆಕೆಗಾಲದಲ್ಲಿ, ಆದ್ದರಿಂದ ಆ ಪುಟದ ತಿದ್ದುಪಡಿ ಜನವರಿಯೊಳಗೆ ಮುಗಿಸಿ.

ಊರ ಹೆಸರು ಮಾತ್ರ ಬದಲಿಸಿದ ಪುಟಗಳನ್ನು ಗೂಗಲ್ ಸ್ಪ್ಯಾಮ್ ಅಂತಲೇ ಎಣಿಸುತ್ತದೆ. ಸಾಗಾಟಕ್ಕೆ ಒಂದೇ ಗಟ್ಟಿ ಪುಟ ಮಾಡಿ: ಯಾವ ಊರಿಗೆ ಎಷ್ಟು ದಿನ, ಎಷ್ಟು ಖರ್ಚು, ಗಾಜಿನ ಬಾಟಲಿ ಒಡೆದರೆ ಏನು ಮಾಡುತ್ತೀರಿ.

ಉತ್ತರ, ಮಂಗಳೂರಿನಿಂದ:
ಇನ್ನು ಒಂದೂವರೆ ತಿಂಗಳು ಬಿಟ್ಟು ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆಯಿರಿ. ಸರಾಸರಿ ಸ್ಥಾನ 8ರಿಂದ 20ರ ಒಳಗೆ ಇರುವ ಹುಡುಕಾಟಗಳನ್ನು ಆರಿಸಿ, ಆ ಪುಟಗಳನ್ನೇ ಮೊದಲು ತಿದ್ದಿ, ಅವುಗಳಿಗೆ ಸೈಟ್‌ನ ಬೇರೆ ಪುಟಗಳಿಂದ ಕೊಂಡಿ ಕೊಡಿ. ತುಂಬ ಸಲ ಕಂಡರೂ ಯಾರೂ ಒತ್ತದಿದ್ದರೆ ಮೊದಲು ಶೀರ್ಷಿಕೆ ಬದಲಿಸಿ ನೋಡಿ. "ಕ್ರಾಲ್ ಆಗಿದೆ, ಇಂಡೆಕ್ಸ್ ಆಗಿಲ್ಲ" (ಗೂಗಲ್ ಬಂದು ಓದಿದೆ, ಪಟ್ಟಿಗೆ ಸೇರಿಸಿಲ್ಲ) ಅಂತ ಬರುವ ಪುಟಗಳ ಪಟ್ಟಿ ಇಲ್ಲಿ ಹಾಕಿ. ಅವುಗಳಲ್ಲಿ ಬರಹ ಸಾಲದೋ, ಒಂದರ ನಕಲು ಇನ್ನೊಂದೋ ಅಂತ ಒಂದೊಂದಾಗಿ ನೋಡುವ.