ಡೌನ್‌ಲೋಡ್ ಆಗುವಾಗ ಸುಮ್ಮನಿದ್ದ ಆಂಟಿವೈರಸ್, ಜಿಪ್ ಬಿಚ್ಚಿದ ಮೇಲೆ ಕೂಗಿದ್ದೇಕೆ?

ಕೀಲಿಮಣೆ_ಕಿಟ್ಟಿ (ಪ್ರಶ್ನೆ):

ವಿಂಡೋಸ್ 11 ಪ್ರೊ. ಜೊತೆಗೇ ಬರುವ ಡಿಫೆಂಡರ್ ಬಿಟ್ಟರೆ ಬೇರೆ ಆಂಟಿವೈರಸ್ ಇಲ್ಲ. ಮೂರು ಸಂಗತಿ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಪಾಸ್‌ವರ್ಡ್ ಇರುವ ಜಿಪ್ ಇಳಿಸಿದಾಗ ಡಿಫೆಂಡರ್ ತುಟಿಪಿಟಕ್ ಅನ್ನಲಿಲ್ಲ, ಬಿಚ್ಚಿದ ತಕ್ಷಣ ಒಳಗಿನ ಫೈಲ್ ಮಾಯ. ಎಡ್ಜ್‌ನಲ್ಲಿ ಕೆಂಪು ಪುಟ ಬರುವ ಲಿಂಕ್ ಫೈರ್‌ಫಾಕ್ಸ್‌ನಲ್ಲಿ ಸಲೀಸಾಗಿ ತೆರೆಯುತ್ತದೆ. ಬ್ರೌಸರ್‌ನಿಂದ ಇಳಿಸಿದ ಇನ್‌ಸ್ಟಾಲರ್ ಓಡಿಸಿದರೆ "ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ" ಅಂತ ನೀಲಿ ಕಿಟಕಿ ಬರುತ್ತದೆ, ಅದೇ ಫೈಲನ್ನು ಪೆನ್‌ಡ್ರೈವ್‌ನಿಂದ ಕಾಪಿ ಮಾಡಿಕೊಂಡರೆ ಬರೋದೇ ಇಲ್ಲ. ಕಾಯೋನು ಒಬ್ಬನೇ ಅಲ್ಲವೇ? ದುಡ್ಡು ಕೊಟ್ಟು ಬೇರೆ ಆಂಟಿವೈರಸ್ ಹಾಕಿದರೆ ಇದೆಲ್ಲ ಸರಿಹೋಗುತ್ತದಾ?

ಬಿಟ್ಟೂಬೈಟೂ:

ಒಬ್ಬನೇ ಅಲ್ಲ, ಅದೇ ಗೊಂದಲದ ಮೂಲ. ನೀವು ಹೇಳಿದ ಮೂರೂ ಬೇರೆ ಬೇರೆ ಬಾಗಿಲು, ಕಾವಲುಗಾರರೂ ಬೇರೆ.

ಲಿಂಕ್ ವಿಚಾರ ಮೊದಲು. ಎಡ್ಜ್ ಕೇಳುವುದು ಮೈಕ್ರೋಸಾಫ್ಟ್‌ನ ಸ್ಮಾರ್ಟ್‌ಸ್ಕ್ರೀನನ್ನು, ಅಂದರೆ ಅಪಾಯದ ಪುಟ, ಫೈಲುಗಳನ್ನು ಗುರುತಿಸುವ ಸೇವೆಯನ್ನು. ಫೈರ್‌ಫಾಕ್ಸ್ ಮತ್ತು ಕ್ರೋಮ್ ನೋಡುವುದು ಗೂಗಲ್‌ನ ಸೇಫ್ ಬ್ರೌಸಿಂಗ್ ಪಟ್ಟಿಯನ್ನು. ಪಟ್ಟಿಗಳು ಬೇರೆ, ಹೊಸ ವಿಳಾಸ ಸೇರುವ ಹೊತ್ತೂ ಬೇರೆ. ಫೈರ್‌ಫಾಕ್ಸ್‌ನಲ್ಲಿ ನಡೆಯುವುದು ಹೀಗೆ: ವಿಳಾಸದ ಎಸ್‌ಎಚ್‌ಎ-256 ಹ್ಯಾಶ್ (ಲೆಕ್ಕಹಾಕಿ ತೆಗೆದ, ಬೆರಳಚ್ಚಿನಂಥ ಸಂಖ್ಯೆ) ತೆಗೆದು, ಮೊದಲ 4 ಬೈಟ್‌ಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ಇರುವ ಪಟ್ಟಿಯ ಜೊತೆ ಹೋಲಿಸುತ್ತದೆ. ಹೊಂದಿದರೆ ಮಾತ್ರ ಪೂರ್ತಿ ಹ್ಯಾಶ್‌ಗಾಗಿ ಸರ್ವರನ್ನು ಕೇಳುತ್ತದೆ. ಪಟ್ಟಿ ಹಳತಾಗಿದ್ದರೆ ಹೊಸ ವಂಚನೆ ಪುಟ ನುಸುಳುತ್ತದೆ. ಇಂಥ ಪುಟಗಳ ಸರಾಸರಿ ಆಯುಸ್ಸು 10 ನಿಮಿಷಕ್ಕೂ ಕಡಿಮೆ ಎಂದು ಗೂಗಲ್ಲೇ 2024ರಲ್ಲಿ ಹೇಳಿ, ಕ್ರೋಮ್‌ನಲ್ಲಿ ಆಗಿಂದಾಗಲೇ ಸರ್ವರನ್ನು ಕೇಳುವ ಪದ್ಧತಿಗೆ ಬದಲಾಯಿಸಿತು.

ಡಿಫೆಂಡರ್‌ನ ಕಾವಲು ಎಲ್ಲ ಬ್ರೌಸರಿಗೂ ಬೇಕಿದ್ದರೆ ನೆಟ್‌ವರ್ಕ್ ಪ್ರೊಟೆಕ್ಷನ್ ಆನ್ ಮಾಡಬೇಕು. ನಿಮ್ಮದು ಪ್ರೊ ಆದ್ದರಿಂದ ಸಾಧ್ಯ: ಪವರ್‌ಶೆಲ್ (ಕಮಾಂಡ್ ಬರೆದು ವಿಂಡೋಸ್‌ನಿಂದ ಕೆಲಸ ಮಾಡಿಸುವ ಕಿಟಕಿ) ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಸೆಟ್-ಎಂಪಿಪ್ರಿಫರೆನ್ಸ್ ಕಮಾಂಡಿಗೆ ಎನೇಬಲ್‌ನೆಟ್‌ವರ್ಕ್‌ಪ್ರೊಟೆಕ್ಷನ್ ಎಂಬ ಆಯ್ಕೆ ಕೊಟ್ಟು ಎನೇಬಲ್ಡ್ ಅನ್ನಿ. ರಿಯಲ್-ಟೈಮ್ ಮತ್ತು ಕ್ಲೌಡ್ ಪ್ರೊಟೆಕ್ಷನ್ ಎರಡೂ ಆನ್ ಇರಬೇಕು, ಇಲ್ಲದಿದ್ದರೆ ಕಮಾಂಡ್ ಕೊಟ್ಟೂ ಪ್ರಯೋಜನವಿಲ್ಲ. ಆಮೇಲೆ ಫೈರ್‌ಫಾಕ್ಸ್‌ನಲ್ಲಿ ಕೆಂಪು ಪುಟವನ್ನು ಕಾಯುತ್ತ ಕೂರಬೇಡಿ. ಸಂಪರ್ಕ ಕಡಿದುಹೋಗಿ, ಪರದೆಯ ಮೂಲೆಯಲ್ಲಿ ವಿಂಡೋಸ್ ಸೂಚನೆ ಬರುತ್ತದೆ, ಅಷ್ಟೇ. ನೆಟ್ ಕೈಕೊಟ್ಟಿತು ಅಂತ ರೂಟರ್ ರೀಸ್ಟಾರ್ಟ್ ಮಾಡುವವರೇ ಜಾಸ್ತಿ.

ಇನ್ನು ಜಿಪ್. ಪಾಸ್‌ವರ್ಡ್ ಇದ್ದರೆ ಒಳಗಿರುವುದು ಎನ್‌ಕ್ರಿಪ್ಟ್ ಆದ ಗೊಂಚಲು. ಫೈಲ್ ಹೆಸರುಗಳು ಕಾಣಬಹುದು, ಹೂರಣ ಕಾಣದು. ಬಿಚ್ಚಿದಾಗ ಫೈಲ್ ಡಿಸ್ಕ್‌ಗೆ ಬಂತು, ಫೈಲ್ ಸಿಸ್ಟಮ್ ಮೇಲೆ ಕೂತಿರುವ ಡಿಫೆಂಡರ್‌ನ ಫಿಲ್ಟರ್ ಡ್ರೈವರ್ (ಡಿಸ್ಕ್‌ಗೆ ಬರುವ ಫೈಲುಗಳನ್ನು ತಪಾಸಿಸುವ ಭಾಗ) ಹಿಡಿಯಿತು. ಅಂದರೆ ಅದು ತಡವಾಗಿ ಕೂಗಿದ್ದಲ್ಲ, ಅದಕ್ಕೆ ಕಂಡಿದ್ದೇ ಆಗ. ಜಿಪ್‌ನ ಪಾಸ್‌ವರ್ಡನ್ನು ಡೌನ್‌ಲೋಡ್ ಪುಟದಲ್ಲೇ ದೊಡ್ಡದಾಗಿ ಬರೆದಿದ್ದರೆ ಅದು ಗುಟ್ಟು ಕಾಯುವುದಕ್ಕಲ್ಲ, ಸ್ಕ್ಯಾನರ್ ಕಣ್ಣು ಕಟ್ಟುವುದಕ್ಕೆ.

ವಲಯ_ಮೂರು:

ಪೆನ್‌ಡ್ರೈವ್ ಪ್ರಶ್ನೆಗೆ ನಾನು ಸೇರಿಸುತ್ತೇನೆ, ಹೆಚ್ಚಿನವರು ಕಡೆಗಣಿಸುವುದು ಇದನ್ನೇ.

ಬ್ರೌಸರ್ ಫೈಲ್ ಇಳಿಸುವಾಗ ಅದಕ್ಕೆ ಝೋನ್ ಐಡೆಂಟಿಫೈಯರ್ ಎಂಬ ಚೀಟಿ ಅಂಟಿಸುತ್ತದೆ. ಇದೇ "ಮಾರ್ಕ್ ಆಫ್ ದಿ ವೆಬ್". ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್ ತನ್ನ ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಪದ್ಧತಿ) ಮುಖ್ಯ ಫೈಲಿನ ಬೆನ್ನಿಗೆ ಅಂಟಿಕೊಂಡಿರುವ ಪುಟ್ಟ ಸ್ಟ್ರೀಮ್, ಅಂದರೆ ಹೆಚ್ಚುವರಿ ಮಾಹಿತಿಯ ತುಣುಕು ಇದು. ಒಳಗೆ ಝೋನ್ ಸಂಖ್ಯೆ 3, ಅಂದರೆ ಇಂಟರ್‌ನೆಟ್, ಮತ್ತು ಬಹಳಷ್ಟು ಸಲ ಫೈಲ್ ಬಂದ ವಿಳಾಸವೂ ಇರುತ್ತದೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಕೆಳಗೆ "ಅನ್‌ಬ್ಲಾಕ್" ಎಂಬ ಚೌಕ ಕಾಣುತ್ತದಲ್ಲ, ಅದು ಈ ಚೀಟಿ ಇದೆ ಅನ್ನುವುದರ ಗುರುತು.

ನೀಲಿ ಕಿಟಕಿಯೂ ಸ್ಮಾರ್ಟ್‌ಸ್ಕ್ರೀನ್‌ನದೇ, ಅದು ಬರುವುದು ಈ ಚೀಟಿ ನೋಡಿ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಫ್‌ಎಟಿ32 ಅಥವಾ ಎಕ್ಸ್‌ಎಫ್‌ಎಟಿ ಎಂಬ ಬೇರೆ ಪದ್ಧತಿಯವು. ಅವುಗಳಲ್ಲಿ ಸ್ಟ್ರೀಮ್‌ಗೆ ಜಾಗವಿಲ್ಲ, ಹಾಗಾಗಿ ಚೀಟಿ ದಾರಿಯಲ್ಲೇ ಉದುರುತ್ತದೆ. ನಷ್ಟ ನೀಲಿ ಕಿಟಕಿಯದಷ್ಟೇ ಅಲ್ಲ. ಡಿಫೆಂಡರ್‌ಗೆ "ಬ್ಲಾಕ್ ಅಟ್ ಫಸ್ಟ್ ಸೈಟ್" ಅಂತ ಒಂದು ಗುಣವಿದೆ: ಹಿಂದೆ ಕಂಡಿರದ ಫೈಲ್ ಬಂದರೆ 10 ಸೆಕೆಂಡು ತಡೆಹಿಡಿದು ಕ್ಲೌಡ್‌ಗೆ ಕೇಳುತ್ತದೆ. ಸೆಟ್ಟಿಂಗ್ ಬದಲಿಸಿ ಇನ್ನೂ 50 ಸೆಕೆಂಡು ಕೂಡಿಸಬಹುದು. ಅದೂ ಇಂಟರ್‌ನೆಟ್ ವಲಯದ ಫೈಲುಗಳಿಗೇ. ಚೀಟಿ ಹೋದರೆ ಈ ತಪಾಸಣೆಯೂ ಹೋಯಿತು, ಮಾಮೂಲಿ ಸ್ಕ್ಯಾನ್ ಮಾತ್ರ ಉಳಿಯಿತು.

ಜಿಪ್ ಬಿಚ್ಚಲು 7-ಜಿಪ್ ಬಳಸುವವರು ಇದನ್ನೂ ನೋಡಿ. ವಿಂಡೋಸ್ ಎಕ್ಸ್‌ಪ್ಲೋರರ್ ಜಿಪ್‌ನ ಚೀಟಿಯನ್ನು ಒಳಗಿನ ಫೈಲುಗಳಿಗೂ ಅಂಟಿಸುತ್ತದೆ. 7-ಜಿಪ್‌ಗೆ ಆ ಸೌಕರ್ಯ ಬಂದಿದ್ದೇ 2022ರ 22.00 ಆವೃತ್ತಿಯಲ್ಲಿ, ಅದೂ ತಾನಾಗಿ ಆನ್ ಇರುವುದಿಲ್ಲ. ಟೂಲ್ಸ್, ಆಪ್ಷನ್ಸ್, 7-ಜಿಪ್ ಟ್ಯಾಬ್‌ಗೆ ಹೋಗಿ "ಪ್ರಾಪಗೇಟ್ ಝೋನ್ ಐಡಿ ಸ್ಟ್ರೀಮ್" ಎಂಬುದನ್ನು ಯೆಸ್ ಮಾಡಿ. ಜಿಪ್‌ನೊಳಗೆ ಇನ್ನೊಂದು ಜಿಪ್ ಇದ್ದರೆ ಚೀಟಿ ಕಳಚಿಹೋಗುವ ದೋಷ 24.09ರಲ್ಲಿ ಸರಿಹೋಯಿತು. ಅದಕ್ಕಿಂತ ಹಳೆಯದಿದ್ದರೆ ನೀವೇ ಅಪ್‌ಡೇಟ್ ಮಾಡಬೇಕು, ಅದು ತಾನಾಗಿ ಮಾಡಿಕೊಳ್ಳುವುದಿಲ್ಲ.

ಒಂದು ಎಚ್ಚರ: ನೀಲಿ ಕಿಟಕಿ ಬಂತೆಂದರೆ ವೈರಸ್ ಇದೆ ಅಂತಲ್ಲ. "ಈ ಫೈಲಿನ, ಇದಕ್ಕೆ ಸಹಿ ಹಾಕಿದವರ ಪರಿಚಯ ಸಾಲದು" ಅಂತ ಅಷ್ಟೇ. ಹೊಸ ಸಣ್ಣ ತಂತ್ರಾಂಶಗಳಿಗೂ ಬರುತ್ತದೆ.

ಪೋರ್ಟ್443:

ದುಡ್ಡು ಕೊಟ್ಟು ಬೇರೆ ಹಾಕಿದರೆ? ಸರಿಹೋಗುತ್ತದೆ ಅಂತ ಒಪ್ಪಲಾರೆ, ಲೆಕ್ಕ ಬದಲಾಗುತ್ತದೆ ಅನ್ನಬಹುದು.

ಅಂಥ ಹಲವು ಆಂಟಿವೈರಸ್‌ಗಳು ಎಚ್‌ಟಿಟಿಪಿಎಸ್ (ಬ್ರೌಸರ್ ಮತ್ತು ಸೈಟಿನ ನಡುವಿನ ಎನ್‌ಕ್ರಿಪ್ಟ್ ಆದ ಸಂಪರ್ಕ) ಸ್ಕ್ಯಾನಿಂಗ್ ಮಾಡುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ತಮ್ಮದೇ ರೂಟ್ ಸರ್ಟಿಫಿಕೇಟ್ (ಸೈಟು ಅಸಲಿ ಎಂದು ಬ್ರೌಸರ್ ನಂಬಲು ಆಧಾರವಾದ ಮೂಲ ಪ್ರಮಾಣಪತ್ರ) ಕೂರಿಸಿ, ಬ್ರೌಸರ್ ಮತ್ತು ಸೈಟಿನ ಮಧ್ಯೆ ನಿಂತು ಸಂಪರ್ಕ ಬಿಚ್ಚಿ ನೋಡಿ ಮತ್ತೆ ಮುಚ್ಚಿ ಕಳಿಸುತ್ತವೆ. ಲಾಭವಿದೆ: ಫೈಲ್ ಡಿಸ್ಕ್ ಮುಟ್ಟುವ ಮೊದಲೇ, ಪುಟದ ಸ್ಕ್ರಿಪ್ಟ್ ಹಂತದಲ್ಲೇ ಹಿಡಿಯಬಹುದು. ನಷ್ಟವೂ ಇದೆ: ಅಸಲಿ ಸೈಟಿನ ಸರ್ಟಿಫಿಕೇಟನ್ನು ಪರೀಕ್ಷಿಸುವ ಹೊಣೆ ಬ್ರೌಸರ್ ಕೈತಪ್ಪಿ ಆಂಟಿವೈರಸ್ ಕೈಗೆ ಹೋಗುತ್ತದೆ. ಅದು ಎಡವಿದರೆ ನಿಮಗೆ ಗೊತ್ತೂ ಆಗದು. ನಿರ್ದಿಷ್ಟ ಸರ್ಟಿಫಿಕೇಟನ್ನೇ ಬಯಸುವ ಆ್ಯಪ್‌ಗಳು ಸುಮ್ಮನೆ ಕೆಲಸ ನಿಲ್ಲಿಸುತ್ತವೆ.

ನಡೆಯುತ್ತಿದೆಯೋ ಇಲ್ಲವೋ ನೋಡುವುದು ಸುಲಭ. ವಿಳಾಸದ ಪಕ್ಕದ ಚಿಹ್ನೆ ಒತ್ತಿ ಸರ್ಟಿಫಿಕೇಟ್ ತೆರೆಯಿರಿ. "ಇಶ್ಯೂಡ್ ಬೈ" ಮುಂದೆ ಆಂಟಿವೈರಸ್ ಹೆಸರಿದ್ದರೆ ಮಧ್ಯದಲ್ಲಿ ಅದು ನಿಂತಿದೆ.

ಎರಡು ಆಂಟಿವೈರಸ್ ಒಟ್ಟಿಗೆ ಅಂತೂ ಬೇಡ. ಒಂದು ಹಿಡಿದ ಫೈಲನ್ನು ಇನ್ನೊಂದು ತೆರೆಯಲು ಹೋಗಿ ಎರಡೂ ಕಚ್ಚಾಡುತ್ತವೆ, ಯಂತ್ರ ತೆವಳುತ್ತದೆ.

ಕೀಲಿಮಣೆ_ಕಿಟ್ಟಿ:

ಧನ್ಯವಾದ ಎಲ್ಲರಿಗೂ. ಹಾಗಾದರೆ ಇದೆಲ್ಲ ಕೆಲಸ ಮಾಡುತ್ತಿದೆ ಅಂತ ಪರೀಕ್ಷಿಸುವುದು ಹೇಗೆ? ನಿಜವಾದ ವೈರಸ್ ಇಳಿಸಿ ನೋಡುವ ಧೈರ್ಯವಿಲ್ಲ. ಇನ್ನೊಂದು, ಯಾವ ಬಾಗಿಲಲ್ಲೂ ಸಿಕ್ಕಿಬೀಳದ ದಾರಿ ಇದೆಯಾ?

ಬಿಟ್ಟೂಬೈಟೂ:

ಪರೀಕ್ಷೆಗೆ ಐಕಾರ್ ಫೈಲ್ ಇದೆ. 68 ಅಕ್ಷರಗಳ ಒಂದು ಸಾಲು, ನಿರಪಾಯಕಾರಿ. ಇದನ್ನು ಕಂಡರೆ ವೈರಸ್ ಎಂದೇ ವರದಿ ಮಾಡಬೇಕೆಂದು ಆಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ಐಕಾರ್ ಸಂಸ್ಥೆಯ ಜಾಲತಾಣದಲ್ಲಿ ಬರೀ ಫೈಲ್, ಜಿಪ್, ಜಿಪ್‌ನೊಳಗೆ ಜಿಪ್, ಮೂರೂ ರೂಪದಲ್ಲಿ ಸಿಗುತ್ತದೆ. ಯಾವ ಹಂತದಲ್ಲಿ ಯಾವುದು ಸಿಕ್ಕಿಬಿತ್ತು ಅಂತ ಗಮನಿಸಿ. ಬ್ರೌಸರ್ರೇ ತಡೆಯಿತೋ, ಡಿಸ್ಕ್‌ಗೆ ಬಂದಮೇಲೆ ಡಿಫೆಂಡರ್ ಹಿಡಿಯಿತೋ ಅನ್ನುವುದೇ ನಿಮ್ಮ ಮೊದಲ ಪ್ರಶ್ನೆಗೆ ಕಣ್ಣೆದುರಿನ ಉತ್ತರ.

ನಿಜವಾದ ಫೈಲಿನ ಮೇಲೆ ಅನುಮಾನವಿದ್ದರೆ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಕಮಾಂಡಿನಿಂದ ಹ್ಯಾಶ್ ತೆಗೆದು, ಹಲವು ಆಂಟಿವೈರಸ್‌ಗಳ ತೀರ್ಪು ಒಟ್ಟಿಗೆ ತೋರಿಸುವ ವೈರಸ್‌ಟೋಟಲ್ ಜಾಲತಾಣದಲ್ಲಿ ಹುಡುಕಿ. ಫೈಲನ್ನೇ ಅಪ್‌ಲೋಡ್ ಮಾಡಿದರೆ ಅದು ಇತರರ ಕೈಗೂ ಸಿಗುತ್ತದೆ, ಖಾಸಗಿ ದಾಖಲೆ ಹಾಕಬೇಡಿ. ಅಲ್ಲಿ 650 ಎಂಬಿ ಮಿತಿ ಇದೆ. ಕಳ್ಳ ಇನ್‌ಸ್ಟಾಲರ್‌ಗಳು ಸೊನ್ನೆಗಳನ್ನು ತುಂಬಿ ಹೊಟ್ಟೆ ಉಬ್ಬಿಸಿಕೊಳ್ಳುವುದು ಇಂಥ ಮಿತಿ ದಾಟಲೆಂದೇ. 5 ಎಂಬಿ ಜಿಪ್ ಬಿಚ್ಚಿದಾಗ 700 ಎಂಬಿ ಎಕ್ಸ್‌ಇ ಹೊರಬಂದರೆ ಅಲ್ಲೇ ಡಿಲೀಟ್ ಮಾಡಿ.

ವಲಯ_ಮೂರು:

ಎರಡನೇ ಪ್ರಶ್ನೆಗೆ ಉತ್ತರ: ಇದೆ, ಹೆಸರು ಕ್ಲಿಕ್‌ಫಿಕ್ಸ್. ಒಂದು ಪುಟ "ನೀವು ಮನುಷ್ಯರೆಂದು ಸಾಬೀತು ಮಾಡಿ" ಅನ್ನುತ್ತದೆ. ಬಟನ್ ಒತ್ತಿದ ಕೂಡಲೇ ಪುಟದ ಜಾವಾಸ್ಕ್ರಿಪ್ಟ್ ನಿಮ್ಮ ಕ್ಲಿಪ್‌ಬೋರ್ಡ್‌ಗೆ ಒಂದು ಕಮಾಂಡ್ ತುಂಬುತ್ತದೆ. ಆಮೇಲೆ ಸೂಚನೆ: ವಿಂಡೋಸ್ ಕೀ ಜೊತೆ ಆರ್, ಕಂಟ್ರೋಲ್ ಜೊತೆ ವಿ, ಎಂಟರ್. ರನ್ ಪೆಟ್ಟಿಗೆ ಕಿರಿದು. ಅಂಟಿಸಿದ ಸಾಲಿನ ಬಾಲ ಮಾತ್ರ ಕಾಣುತ್ತದೆ, ಅಲ್ಲಿ "ನಾನು ರೋಬಾಟ್ ಅಲ್ಲ" ಎಂಬ ಕಾಮೆಂಟ್ ಇಟ್ಟಿರುತ್ತಾರೆ. ಪವರ್‌ಶೆಲ್ ಅಥವಾ ಎಂಎಸ್‌ಎಚ್‌ಟಿಎ (ಸ್ಕ್ರಿಪ್ಟ್ ಓಡಿಸುವ ವಿಂಡೋಸ್‌ನದೇ ಇನ್ನೊಂದು ಪ್ರೋಗ್ರಾಂ) ಕರೆಯುವ ಅಸಲಿ ಭಾಗ ಎಡಕ್ಕೆ ಸರಿದು ಮರೆಯಾಗಿರುತ್ತದೆ.

ಇಲ್ಲಿ ಬ್ರೌಸರ್ ಏನನ್ನೂ ಡೌನ್‌ಲೋಡ್ ಮಾಡಲಿಲ್ಲ, ಚೀಟಿ ಇಲ್ಲ, ನೀಲಿ ಕಿಟಕಿಗೆ ಕೆಲಸವೇ ಇಲ್ಲ. ಓಡಿಸಿದ್ದು ವಿಂಡೋಸ್‌ನದೇ ಪ್ರೋಗ್ರಾಂ, ಓಡಿಸಿದವರು ನೀವೇ. ಉಳಿದ ಆಸರೆಗಳಲ್ಲಿ ಮುಖ್ಯವಾದದ್ದು ಆಮ್ಸಿ: ಪವರ್‌ಶೆಲ್ ಸ್ಕ್ರಿಪ್ಟ್ ಎಷ್ಟೇ ಗಂಟುಹಾಕಿದ್ದರೂ ಓಡುವ ಮುನ್ನ ಬಿಚ್ಚಲೇಬೇಕು, ಬಿಚ್ಚಿದ ರೂಪವನ್ನು ಆಮ್ಸಿ ಆಂಟಿವೈರಸ್‌ಗೆ ತೋರಿಸುತ್ತದೆ. ಹಲವು ಸಲ ಹಿಡಿಯುತ್ತದೆ, ಪ್ರತಿ ಸಲ ಅಲ್ಲ.

ಯಾರಾದರೂ ಆಗಲೇ ಎಂಟರ್ ಒತ್ತಿದ್ದರೆ: ಮೊದಲು ನೆಟ್ ಕಡಿಯಿರಿ. ಇಂಥವು ಬಹುಪಾಲು ಪಾಸ್‌ವರ್ಡ್ ಮತ್ತು ಕುಕೀ ಕದಿಯುವ ಜಾತಿ. ಲಾಗಿನ್ ಆಗಿರುವುದರ ಗುರುತಾದ ಕುಕೀ ಕೈಗೆ ಸಿಕ್ಕರೆ ಒಟಿಪಿ ಇಲ್ಲದೆಯೇ ಒಳಹೋಗಬಹುದು. ಆದ್ದರಿಂದ ಬೇರೆ ಸಾಧನದಿಂದ ಖಾತೆಗಳಿಗೆ ಹೋಗಿ ಎಲ್ಲ ಸೆಷನ್‌ಗಳಿಂದ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಅದೇ ಕಂಪ್ಯೂಟರಿನಲ್ಲಿ ಬದಲಿಸಿದರೆ ಹೊಸದೂ ಹೋಗುತ್ತದೆ. ಆಮೇಲೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹಿಡಿಯುತ್ತದೆ. ಏನು ಓಡಿಸಿದ್ದೆಂದು ತಿಳಿಯಬೇಕಾದರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರ) ರನ್ ಪೆಟ್ಟಿಗೆಯ ಇತಿಹಾಸ ಇಡುವ ರನ್‌ಎಂಆರ್‌ಯು ಕೀಲಿಯಲ್ಲಿ ಆ ಸಾಲು ಸಾಮಾನ್ಯವಾಗಿ ಉಳಿದಿರುತ್ತದೆ.

ಪೋರ್ಟ್443:

ಸ್ಕ್ಯಾನ್‌ಗೆ ಮೊದಲು ವಿಂಡೋಸ್ ಸೆಕ್ಯುರಿಟಿಯಲ್ಲಿ ಎಕ್ಸ್‌ಕ್ಲೂಷನ್ಸ್ (ಸ್ಕ್ಯಾನ್ ಮಾಡದೆ ಬಿಡುವ ಜಾಗಗಳ) ಪಟ್ಟಿ ತೆರೆದು ನೋಡಿ. ನೀವು ಹಾಕದ ಫೋಲ್ಡರ್, ಕೆಲವೊಮ್ಮೆ ಇಡೀ ಸಿ ಡ್ರೈವ್ ಅಲ್ಲಿ ಇದ್ದರೆ ತೆಗೆಯಿರಿ. ಅದು ಇರುವವರೆಗೆ ಎಷ್ಟು ಸ್ಕ್ಯಾನ್ ಮಾಡಿದರೂ "ಯಾವ ಅಪಾಯವೂ ಇಲ್ಲ" ಅಂತಲೇ ಬರಬಹುದು.