ನಿಯಮ ಒಂದೂ ಮುರಿದಿಲ್ಲ, ಆದರೂ ಒಬ್ಬಳು ಆಟ ಬಿಟ್ಟುಹೋದಳು. ಏನು ಮಾಡಲಿ?

ಇರುಳುದೀಪ:

ನಾಲ್ಕು ವರ್ಷದಿಂದ ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟಕ್ಕೆ ಒಂದು ಸಣ್ಣ ಸರ್ವರ್ ನಡೆಸುತ್ತಿದ್ದೇನೆ. ವೈಟ್‌ಲಿಸ್ಟ್‌ನಲ್ಲಿ, ಅಂದರೆ ಒಳಗೆ ಬಿಡುವವರ ಪಟ್ಟಿಯಲ್ಲಿ, 40 ಜನ ಇದ್ದಾರೆ. ಸಂಜೆ ಹೊತ್ತು ಹತ್ತು ಹನ್ನೆರಡು ಮಂದಿ ಸೇರುತ್ತಾರೆ. ನಮ್ಮ ನಿಯಮ ಮೂರೇ. ಬೇರೆಯವರು ಕಟ್ಟಿದ್ದನ್ನು ಕೆಡವಬಾರದು, ಪೆಟ್ಟಿಗೆಯಿಂದ ಕದಿಯಬಾರದು, ಚಾಟ್‌ನಲ್ಲಿ ಬೈಯಬಾರದು. ಇಷ್ಟು ದಿನ ಅಷ್ಟೇ ಸಾಕಾಗಿತ್ತು.

ಹೋದ ತಿಂಗಳು ಹೊಸಬಳೊಬ್ಬಳು ಸೇರಿದಳು. ಕೆರೆ ದಂಡೆಯಲ್ಲಿ ಚೆಂದದ ಮನೆ ಕಟ್ಟಿಕೊಂಡಳು. ನಮ್ಮ ಹಳೆಯ ಆಟಗಾರನೊಬ್ಬ ಅವಳ ಹಿಂದೆ ಬಿದ್ದ. ಸರ್ವರ್‌ನ ರೈಲು ದಾರಿ ಪೂರ್ತಿ ಹಾಕಿದವನು ಅವನೇ. ಅವಳು ಗಣಿಗೆ ಇಳಿದರೆ ಅವನೂ ಇಳಿಯುತ್ತಾನೆ. ಅವಳ ಬಾಗಿಲಲ್ಲೇ ನಿಂತುಬಿಡುತ್ತಾನೆ. ಅವಳ ಪಾತ್ರದ ಮುಖಕ್ಕೆ ಅಂಟಿಕೊಂಡ ಹಾಗೆ ನಿಂತು, ಕೂತು ಏಳುತ್ತಾ ಇರುತ್ತಾನೆ. ಅದು ಅಶ್ಲೀಲ ಸನ್ನೆ ಅಂತ ಆಡುವವರಿಗೆಲ್ಲ ಗೊತ್ತು.

ಒಂದು ಕಲ್ಲೂ ಕಿತ್ತಿಲ್ಲ, ಒಂದು ಕೆಟ್ಟ ಮಾತೂ ಬರೆದಿಲ್ಲ. ಸರ್ವರ್‌ನಲ್ಲಿ ನಡೆದದ್ದನ್ನು ದಾಖಲಿಸುವ ಕೋರ್‌ಪ್ರೊಟೆಕ್ಟ್ ಎಂಬ ಪ್ಲಗಿನ್‌ನ ಲಾಗ್ ತೆಗೆದು ನೋಡಿದೆ. ಯಾರು ಯಾವ ಬ್ಲಾಕ್ ಇಟ್ಟರು, ಯಾವುದನ್ನು ಒಡೆದರು, ಪೆಟ್ಟಿಗೆಯಿಂದ ಏನು ತೆಗೆದರು ಎಲ್ಲ ಅದರಲ್ಲಿದೆ. ಯಾರು ಯಾರ ಬೆನ್ನ ಹಿಂದೆ ಎಷ್ಟು ಹೊತ್ತು ನಿಂತಿದ್ದರು ಅನ್ನುವುದು ಇಲ್ಲ.

ಅವಳು ಕಳಿಸಿದ ಎರಡು ನಿಮಿಷದ ವಿಡಿಯೋ ಒಂದಿದೆ. ಅದರಲ್ಲಿ ಅವಳು ಐದು ಸಲ ಜಾಗ ಬದಲಿಸುತ್ತಾಳೆ. ಐದು ಸಲವೂ ಅವನು ಬರುತ್ತಾನೆ. ವಿಡಿಯೋ ಕಳಿಸಿದ ಮರುದಿನದಿಂದ ಅವಳು ಬಂದಿಲ್ಲ.

ನನ್ನ ಜೊತೆ ಸರ್ವರ್ ನೋಡಿಕೊಳ್ಳುವ ಇನ್ನಿಬ್ಬರು ಮಾಡ್‌ಗಳಿದ್ದಾರೆ (ಮಾಡರೇಟರ್‌ಗಳು). ಒಬ್ಬರು, "ಇದು ಬರೀ ಆಟ, ಮ್ಯೂಟ್ ಮಾಡ್ಕೊಳ್ಳಲಿ" ಅಂದರು. ಮ್ಯೂಟ್ ಮಾಡಿದರೆ ಮಾತು ನಿಲ್ಲುತ್ತದೆ, ಮೈಮೇಲೆ ಬರುವುದು ನಿಲ್ಲುತ್ತದಾ? ಇನ್ನೊಬ್ಬರ ಮಾತನ್ನು ಮಾತ್ರ ತಳ್ಳಿಹಾಕಲು ಆಗುತ್ತಿಲ್ಲ. ಇಲ್ಲದ ನಿಯಮಕ್ಕೆ ಶಿಕ್ಷೆ ಕೊಟ್ಟರೆ ನಾಳೆ ನಮ್ಮನ್ನು ಯಾರು ನಂಬುತ್ತಾರೆ ಅಂತ ಅವರು ಕೇಳುತ್ತಾರೆ. ಇಂಥದ್ದನ್ನು ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಹಳೇಕೀಬೋರ್ಡ್:

ಇದೇ ಇಕ್ಕಟ್ಟು 1993ರಲ್ಲಿ ಲ್ಯಾಂಬ್ಡಾಮೂ ಎಂಬ ಆನ್‌ಲೈನ್ ಲೋಕದಲ್ಲಿ ಬಂದಿತ್ತು. ಅಲ್ಲಿ ಚಿತ್ರ ಇರಲಿಲ್ಲ, ಬರೀ ಅಕ್ಷರ. ಮಿಸ್ಟರ್ ಬಂಗಲ್ ಎಂಬ ಹೆಸರಿನವನು 'ವೂಡೂ ಗೊಂಬೆ' ಎಂಬ ಪ್ರೋಗ್ರಾಂ ಬಳಸಿದ. ಬೇರೆಯವರ ಪಾತ್ರಗಳು ತಾವಾಗಿಯೇ ಅಸಹ್ಯ ಕೆಲಸ ಮಾಡುತ್ತಿವೆ ಅನ್ನುವ ಸಾಲುಗಳು ಅಲ್ಲಿದ್ದವರ ಪರದೆಯ ಮೇಲೆ ಬರತೊಡಗಿದವು. ಆ ಪಾತ್ರಗಳ ಹಿಂದಿದ್ದವರಿಗೆ ಅದು ಬರೀ ಅಕ್ಷರ ಆಗಿರಲಿಲ್ಲ.

ಆ ಲೋಕ ಕಟ್ಟಿದ ಪಾವೆಲ್ ಕರ್ಟಿಸ್ ಕೆಲವೇ ತಿಂಗಳ ಮುಂಚೆ ಒಂದು ಪ್ರಕಟಣೆ ಕೊಟ್ಟಿದ್ದರು. ಜನರ ಜಗಳದಲ್ಲಿ ಇನ್ನು ಅಡ್ಮಿನ್‌ಗಳು ತಲೆ ಹಾಕುವುದಿಲ್ಲ, ತಾಂತ್ರಿಕ ಕೆಲಸ ಮಾತ್ರ ನೋಡುತ್ತಾರೆ ಅಂತ. ಹಾಗಾಗಿ ತೀರ್ಮಾನ ಹೇಳುವವರೇ ಇರಲಿಲ್ಲ. ಆಟಗಾರರು ಸಭೆ ಸೇರಿದರು, ಗಂಟೆಗಟ್ಟಲೆ ಮಾತಾಡಿದರು, ಏನೂ ತೀರ್ಮಾನ ಆಗಲಿಲ್ಲ. ಕೊನೆಗೆ ಒಬ್ಬ ಅಡ್ಮಿನ್ ತಾನೊಬ್ಬನೇ ಯೋಚಿಸಿ ಆ ಪಾತ್ರವನ್ನು ಅಳಿಸಿಹಾಕಿದ. ಕರ್ಟಿಸ್ ಆಮೇಲೆ ಮನವಿ, ಮತದಾನ ಎಲ್ಲ ತಂದರು. 1996ರಲ್ಲಿ ಅಡ್ಮಿನ್‌ಗಳು ಮತ್ತೆ ಜವಾಬ್ದಾರಿ ಹೊರಬೇಕಾಯಿತು.

ನಿಯಮ ಇಲ್ಲ ಅಂತ ಸುಮ್ನೆ ಕೂರುವುದೂ ಒಂದು ತೀರ್ಮಾನವೇ. ನಿಮ್ಮಲ್ಲಿ ಅದು ಆಗಲೇ ಜಾರಿಯಾಗಿದೆ. ದಂಡ ತೆತ್ತವಳು ಅವಳು, ಅವನಲ್ಲ. ನಾಲ್ಕನೇ ನಿಯಮ ಇವತ್ತೇ ಬರೆಯಿರಿ. 'ಬೇಡ ಅಂದ ಮೇಲೆ ಹಿಂದೆ ಹೋಗಬಾರದು.' ಅಷ್ಟು ಸಾಕು. ನೂರು ಸಾಲು ಬರೆದರೆ ನೂರ ಒಂದನೇ ಸಂದು ಹುಡುಕುವವರು ಇದ್ದೇ ಇರುತ್ತಾರೆ.

ಗಾಜಿನಗೋಡೆ:

ನಿಯಮ ಬೇಕು, ಒಪ್ಪುತ್ತೇನೆ. ಆದರೆ ನಿಯಮ ಕೆಲಸ ಮಾಡುವುದು ಎಲ್ಲ ಆದ ಮೇಲೆ. ಆ ಕ್ಷಣದಲ್ಲಿ ಅವಳ ಕೈಯಲ್ಲಿ ಏನಿತ್ತು?

ನಾನು ವಿಆರ್ ಆಟಗಳಿಗೆ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಆಡುವ ಆಟಗಳಿಗೆ, ಕೋಡ್ ಬರೆಯುತ್ತೇನೆ. 2016ರಲ್ಲಿ ಕ್ವಿವರ್ ಎಂಬ ಬಿಲ್ಲುಗಾರಿಕೆ ಆಟದಲ್ಲಿ ಒಬ್ಬ ಆಟಗಾರ್ತಿಯ ಅವತಾರದ (ಆಟದೊಳಗಿನ ಪಾತ್ರದ) ಮೈಮೇಲೆ ಇನ್ನೊಬ್ಬ ಕೈ ಹಾಕಿದ. ಅವರು ಅದನ್ನು ಬಹಿರಂಗವಾಗಿ ಬರೆದರು. ಆಟ ಮಾಡಿದವರು ಅದನ್ನು ಓದಿ ತಮ್ಮ ತಪ್ಪು ಹುಡುಕಿದರು. ಬೇರೆಯವರ ಕೈ ಮುಖದ ಹತ್ತಿರ ಬಂದರೆ ಮರೆಯಾಗುವ ಹಾಗೆ ಮೊದಲೇ ಮಾಡಿದ್ದರು. ಮೈಯ ಉಳಿದ ಭಾಗದ ಯೋಚನೆಯೇ ಬಂದಿರಲಿಲ್ಲ. ಆಮೇಲೆ ಅದನ್ನು ಸೇರಿಸಿದರು. 2022ರ ಫೆಬ್ರುವರಿಯಲ್ಲಿ ಮೆಟಾ ತನ್ನ ಹೊರೈಜನ್ ವರ್ಲ್ಡ್ಸ್ ಎಂಬ ವಿಆರ್ ಲೋಕದಲ್ಲಿ ಅವತಾರಗಳ ನಡುವೆ ಸುಮಾರು 4 ಅಡಿ ಅಂತರ ತಾನಾಗಿಯೇ ಇರುವಂತೆ ಮಾಡಿತು.

'ತಾನಾಗಿಯೇ' ಅನ್ನುವುದು ಮುಖ್ಯ. ಮೂಲೆಗೆ ಸಿಕ್ಕವರಿಗೆ ಮೆನು ತೆರೆದು ಬಟನ್ ಹುಡುಕುವಷ್ಟು ಸಮಾಧಾನ ಇರುವುದಿಲ್ಲ. ಹೊಸಬರಿಗಂತೂ ಆ ಬಟನ್ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.

ನಿಮ್ಮ ಸರ್ವರ್‌ನಲ್ಲಿ ಜಾಗಗಳನ್ನು ಕಾಯುವ ವರ್ಲ್ಡ್‌ಗಾರ್ಡ್ ಎಂಬ ಪ್ಲಗಿನ್ ಹಾಕಿದರೆ ಒಂದು ಜಾಗಕ್ಕೆ ಮಾಲೀಕರ ಒಪ್ಪಿಗೆ ಇಲ್ಲದೆ ಕಾಲಿಡದ ಹಾಗೆ ಮಾಡಬಹುದು. ಎಲ್ಲರನ್ನೂ ಒಂದು ಟೀಮ್‌ಗೆ ಸೇರಿಸಿ ಕೊಲಿಶನ್ (ಪಾತ್ರಗಳು ಒಂದಕ್ಕೊಂದು ತಾಗಿ ತಳ್ಳುವುದು) ಆಫ್ ಮಾಡಿದರೆ ಬಾಗಿಲಿಗೆ ಅಡ್ಡ ನಿಂತು ತಳ್ಳಾಡಲು ಆಗುವುದಿಲ್ಲ. ಗಣಿಯಲ್ಲಿ ಹಿಂಬಾಲಿಸುವುದಕ್ಕೆ ಇದು ಮದ್ದಲ್ಲ. ಅದಕ್ಕೆ ಮನುಷ್ಯರೇ ಬೇಕು.

ಮರಳಿಬಂದವ:

ನಾನು ಅವನ ಜಾಗದಲ್ಲಿದ್ದವನು. 16 ವರ್ಷ ಆಗ. ಒಂದು ಆಟದಲ್ಲಿ ಇಂಥದ್ದೇ ಮಾಡುತ್ತಿದ್ದೆ. ಒಂದು ದಿನ ಲಾಗಿನ್ ಆದರೆ 'ನಡವಳಿಕೆ ನಿಯಮ ಉಲ್ಲಂಘನೆ' ಅಂತ ಒಂದೇ ಸಾಲು. ಯಾವ ನಡವಳಿಕೆ, ಯಾವತ್ತು, ಯಾರಿಗೆ ಏನಾಯಿತು, ಒಂದೂ ಇಲ್ಲ. ಅರ್ಧ ಗಂಟೆಯಲ್ಲಿ ಇನ್ನೊಂದು ಅಕೌಂಟ್ ಮಾಡಿಕೊಂಡೆ. ಸಿಟ್ಟು ಜಾಸ್ತಿಯಾಗಿತ್ತು, ಅಷ್ಟೇ.

ಎರಡನೇ ಸಲ ಒಬ್ಬ ಮಾಡ್ ನನ್ನನ್ನು ಕರೆದು ಕ್ಲಿಪ್ ತೋರಿಸಿದರು. "ಇಲ್ಲಿ ನೋಡು, ಅವಳು ಓಡ್ತಾ ಇದ್ದಾಳೆ" ಅಂದರು. ನನಗೆ ಅಲ್ಲಿವರೆಗೆ ಅದು ಓಟ ಅಂತ ಕಂಡಿರಲಿಲ್ಲ. ಅವಳೂ ಆಡುತ್ತಿದ್ದಾಳೆ ಅಂದುಕೊಂಡಿದ್ದೆ.

ಅವನಿಗೆ ಆ ಎರಡು ನಿಮಿಷ ತೋರಿಸಿ. ಆದರೆ ಮೊದಲು ಅವಳನ್ನು ಕೇಳಿ. ವಿಡಿಯೋ ಅವಳದು.

ಇರುಳುದೀಪ:

ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಮೊದಲು ಅವಳಿಗೆ ಬರೆದೆ. ವಿಡಿಯೋ ತೋರಿಸಲು ಒಪ್ಪಿದಳು. ನಾಲ್ಕನೇ ನಿಯಮವನ್ನು ಎಲ್ಲರಿಗೂ ಹಾಕಿದೆ, ಯಾರ ಹೆಸರೂ ಹೇಳಲಿಲ್ಲ. ಕೊಲಿಶನ್ ಆಫ್ ಮಾಡಿದೆ. ಆಮೇಲೆ ಅವನನ್ನು ವಾಯ್ಸ್ ಕಾಲ್‌ಗೆ ಕರೆದು ವಿಡಿಯೋ ಹಾಕಿದೆ.

"ನಾನೇನು ಮುಟ್ಟಿದ್ನಾ?" ಅಂತ ಕೇಳಿದ. ನಾನು ಉತ್ತರ ಕೊಡದೆ ವಿಡಿಯೋವನ್ನು ಮೊದಲಿಂದ ಇನ್ನೊಮ್ಮೆ ಹಾಕಿದೆ. ನಾಲ್ಕನೇ ಸಲ ಅವಳು ಜಾಗ ಬದಲಿಸುವಾಗ "ಸಾಕು" ಅಂದ. 30 ದಿನ ಹೊರಗಿರಬೇಕು ಅಂದೆ. ಹೊಸ ನಿಯಮ ಇಂದಿನಿಂದ, ಆದರೆ ಅವಳು ಹೋದದ್ದು ನಿನ್ನಿಂದ, ಅದಕ್ಕೆ ಇದು ಅಂತ ಬಿಡಿಸಿ ಹೇಳಿದೆ. ರೈಲು ದಾರಿ ತೆಗೆದುಹಾಕ್ತೀರಾ ಅಂತ ಕೇಳಿದ. ಇಲ್ಲ, ಅದು ಇರುತ್ತದೆ ಅಂದೆ. ಮ್ಯೂಟ್ ಮಾಡ್ಕೊಳ್ಳಲಿ ಅಂದಿದ್ದ ಮಾಡ್‌ಗೆ ಈ ತೀರ್ಮಾನ ಇನ್ನೂ ಸರಿಬಂದಿಲ್ಲ.

ನಿನ್ನೆ ಅವಳ ಮೆಸೇಜ್ ಬಂತು. "ಬರ್ತೀನೋ ಇಲ್ವೋ ಗೊತ್ತಿಲ್ಲ. ಮನೆ ಹಾಗೇ ಇರಲಿ." ಕೆರೆ ದಂಡೆಯ ಆ ಜಾಗಕ್ಕೆ ವರ್ಲ್ಡ್‌ಗಾರ್ಡ್‌ನಲ್ಲಿ ಬೇಲಿ ಹಾಕಿ, ಅವಳೊಬ್ಬಳ ಹೆಸರಿಗೆ ಬರೆದಿದ್ದೇನೆ.